ಕರ್ಜತ್ ದಾರಿಯ ಮನೆಗೆ ಅತಿಥಿಗಳು: ನಿವೃತ್ತ ದಂಪತಿಗಳಿಗೊಂದು ಕೈಪಿಡಿ

ಉಲ್ಹಾಸನಗರ, ಅಂಬರನಾಥ ದಾಟಿದ ಮೇಲೆ ಲೋಕಲ್ ಗಾಡಿಯ ಕಿಟಕಿಯಾಚೆ ಕಟ್ಟಡಗಳು ತೆಳುವಾಗುತ್ತವೆ. ಬದ್ಲಾಪುರ, ವಾಂಗಣಿ, ಶೇಲು, ನೇರಳ್, ಭಿವಪುರಿ, ಕರ್ಜತ್ ಹೀಗೆ ಸಾಗುವ ಈ ಹಳಿಯ ಎರಡೂ ಕಡೆ, ಹಾಗೆಯೇ ಕಲ್ಯಾಣದಿಂದ ಮುರ್ಬಾಡಿಗೆ ಹೋಗುವ ರಸ್ತೆಯ ಬದಿಯಲ್ಲಿ, ಮುಂಬಯಿಯವರು ರಜೆಗೆಂದು ಕಟ್ಟಿಕೊಂಡ ಮನೆಗಳಿವೆ. ಅವುಗಳಲ್ಲಿ ನಮ್ಮ ಮುಂಬಯಿ ಕನ್ನಡಿಗರ ಮನೆಗಳೂ ಇವೆ. ಬ್ಯಾಂಕಿನಲ್ಲಿ, ಹೋಟೆಲಿನಲ್ಲಿ, ಕಾರ್ಖಾನೆಯಲ್ಲಿ ದುಡಿದವರು ಪ್ರಾವಿಡೆಂಟ್ ಫಂಡಿನ ಹಣ ಹಾಕಿ ಕಟ್ಟಿಸಿದವು. ಮಕ್ಕಳು ಪುಣೆಗೋ ಬೆಂಗಳೂರಿಗೋ ಅಮೆರಿಕಕ್ಕೋ ಹೋದ ಮೇಲೆ ಎಷ್ಟೋ ಮನೆಗಳ ಬಾಗಿಲು ತಿಂಗಳುಗಟ್ಟಲೆ ತೆರೆಯುವುದಿಲ್ಲ. ಮಳೆಗಾಲ ಕಳೆದು ಹೋಗಿ ನೋಡಿದರೆ ಗೋಡೆಗೆ ಪಾಚಿ, ಹಾಸಿಗೆಗೆ ಬೂಷ್ಟು, ಕಪಾಟಿನಲ್ಲಿ ಗೆದ್ದಲು.

ಇಂಥ ಮನೆಯನ್ನು ಅತಿಥಿಗಳಿಗೆ ತೆರೆಯಬಹುದಲ್ಲ ಎಂಬ ಯೋಚನೆ ನಿವೃತ್ತರಲ್ಲಿ ಹುಟ್ಟುವುದು ಸಹಜ. ಒಳ್ಳೆಯ ಯೋಚನೆಯೇ. ಮನೆಗೆ ಗಾಳಿ ಬೆಳಕು ಸಿಗುತ್ತದೆ, ಖರ್ಚಿಗೆ ಒಂದಿಷ್ಟು ಹಣ ಬರುತ್ತದೆ, ನಾಲ್ಕು ಜನರ ಮಾತು ಕಿವಿಗೆ ಬೀಳುತ್ತದೆ. ಆದರೆ ಹೆಚ್ಚಿನವರು ಲೆಕ್ಕ ಶುರು ಮಾಡುವುದು ಕೋಣೆಗಳಿಂದ: ಎಷ್ಟು ಕೋಣೆ, ಎಷ್ಟು ಬಾಡಿಗೆ, ತಿಂಗಳಿಗೆ ಎಷ್ಟು ವಾರಾಂತ್ಯ. ಅರವತ್ತು ದಾಟಿದವರು ಶುರು ಮಾಡಬೇಕಾದ್ದು ತಮ್ಮ ಮೊಣಕಾಲು, ಬೆನ್ನು, ರಕ್ತದೊತ್ತಡಗಳಿಂದ. ಈ ಕೆಲಸದ ನಿಜವಾದ ಬಂಡವಾಳ ನಿಮ್ಮಿಬ್ಬರ ದೇಹಶಕ್ತಿ. ಅದು ಬತ್ತಿದರೆ ಎಷ್ಟೇ ಒಳ್ಳೆಯ ಮನೆಯಿದ್ದರೂ ವ್ಯವಹಾರ ಎರಡೇ ವರ್ಷದಲ್ಲಿ ನಿಲ್ಲುತ್ತದೆ.

ಮೊದಲು ಮಿತಿ, ಆಮೇಲೆ ಮನೆ

ಒಂದು ವಾರಾಂತ್ಯದಲ್ಲಿ ಏನೇನು ಕೆಲಸವಿರುತ್ತದೆ ನೋಡಿ. ಶುಕ್ರವಾರವೇ ಹೋಗಿ ಗುಡಿಸಿ ಒರೆಸಬೇಕು, ಟಾಕಿಗೆ ನೀರೇರಿಸಬೇಕು, ಗ್ಯಾಸ್ ಇದೆಯೇ ನೋಡಬೇಕು. ಶನಿವಾರ ಅತಿಥಿಗಳು ಹೇಳಿದ ಹೊತ್ತಿಗಿಂತ ಎರಡು ಗಂಟೆ ತಡವಾಗಿ ಬರುತ್ತಾರೆ, ಊಟ ಆರಿರುತ್ತದೆ. ರಾತ್ರಿ ಹನ್ನೊಂದಕ್ಕೆ ಒಬ್ಬರಿಗೆ ಬಿಸಿನೀರು ಬೇಕು. ಬೆಳಿಗ್ಗೆ ಆರಕ್ಕೆ ಇನ್ನೊಬ್ಬರಿಗೆ ಚಹಾ. ಅತಿಥಿಗಳು ಹೊರಟ ಮೇಲೆ ನಾಲ್ಕು ಚಾದರ, ಎಂಟು ದಿಂಬಿನ ಗವಸು, ಟವೆಲುಗಳ ರಾಶಿ. ಜುಲೈ ತಿಂಗಳಾದರೆ ಅವು ಮೂರು ದಿನಕ್ಕೂ ಒಣಗುವುದಿಲ್ಲ.

ಆದ್ದರಿಂದ ಮೊದಲೇ ನಿಶ್ಚಯಿಸಿ: ಎರಡು ಕೋಣೆಗಿಂತ ಹೆಚ್ಚು ಬೇಡ. ತಿಂಗಳಿಗೆ ಮೂರು ವಾರಾಂತ್ಯ ಸಾಕು, ನಾಲ್ಕನೆಯದು ನಿಮ್ಮದೇ. ಒಂದು ಗುಂಪು ಹೋಗಿ ಇನ್ನೊಂದು ಬರುವ ನಡುವೆ ಕನಿಷ್ಠ ಒಂದು ಪೂರ್ತಿ ದಿನ ಬಿಡುವಿರಲಿ. ನಿಮ್ಮ ಮಲಗುವ ಕೋಣೆ, ನಿಮ್ಮ ಬಚ್ಚಲು ಪ್ರತ್ಯೇಕವಾಗಿರಲಿ; ಅತಿಥಿ ಬಂದಾಗ ಹಾಲ್‌ನಲ್ಲಿ ಚಾಪೆ ಹಾಸಿಕೊಂಡು ಮಲಗುವ ವಯಸ್ಸು ಇದಲ್ಲ.

ಇನ್ನೊಂದು ನಿಯಮವನ್ನು ನಾನು ಬಹಳ ಒತ್ತಿ ಹೇಳುತ್ತೇನೆ. ನೀವು ಮನೆಯಲ್ಲಿಲ್ಲದ ದಿನ ಅತಿಥಿಗಳನ್ನು ಇರಿಸಬೇಡಿ. ದಲ್ಲಾಳಿಯ ಕೈಗೋ ವಾಚ್‌ಮನ್ ಕೈಗೋ ಕೀಲಿ ಕೊಟ್ಟು ಡೊಂಬಿವಲಿಯಲ್ಲಿ ಕೂತರೆ ಒಳಗೆ ಏನು ನಡೆಯುತ್ತದೆ ಎಂಬುದು ನಿಮಗೆ ತಿಳಿಯುವುದಿಲ್ಲ, ಹೊಣೆ ಮಾತ್ರ ನಿಮ್ಮ ಹೆಸರಿನಲ್ಲೇ ಇರುತ್ತದೆ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಬೆಡ್ ಆ್ಯಂಡ್ ಬ್ರೇಕ್‌ಫಾಸ್ಟ್–ಹೋಂಸ್ಟೇ ಯೋಜನೆಯಲ್ಲೂ ಮನೆಯವರು ಅಲ್ಲೇ ವಾಸವಿರಬೇಕು ಎಂಬುದು ಮೂಲ ಷರತ್ತು. ಅದರಲ್ಲಿ ಒಂದರಿಂದ ಆರು ಕೋಣೆಗಳವರೆಗೆ ಅವಕಾಶವಿದೆ, ಸಿಲ್ವರ್ ಮತ್ತು ಗೋಲ್ಡ್ ಎಂದು ಎರಡು ದರ್ಜೆಗಳಿವೆ.

ಸಹಾಯಕ್ಕೆ ಹಳ್ಳಿಯ ಒಬ್ಬ ಹೆಣ್ಣುಮಗಳನ್ನೋ ದಂಪತಿಗಳನ್ನೋ ಮೊದಲೇ ಗೊತ್ತುಮಾಡಿಕೊಳ್ಳಿ. ಅತಿಥಿ ಬಂದ ದಿನ ಮಾತ್ರ ಕರೆದು ಕೂಲಿ ಕೊಡುವ ಪದ್ಧತಿ ನಿಲ್ಲುವುದಿಲ್ಲ. ಭತ್ತದ ನಾಟಿ ಬಂತೆಂದರೆ ಯಾರೂ ಸಿಗುವುದಿಲ್ಲ. ತಿಂಗಳಿಗೆ ಇಷ್ಟೆಂದು ನಿಗದಿ ಮಾಡಿ, ಅತಿಥಿಗಳಿಲ್ಲದ ತಿಂಗಳೂ ಕೊಡಿ. ಮನೆ ಮುಚ್ಚಿದ್ದಾಗ ವಾರಕ್ಕೊಮ್ಮೆ ಕಿಟಕಿ ತೆರೆದು ಗಾಳಿಯಾಡಿಸುವ ಕೆಲಸವನ್ನೂ ಅದರಲ್ಲಿ ಸೇರಿಸಿ. ಮಾವಶಿ, ಕಾಕಾ ಎಂದು ಬಾಯಿತುಂಬ ಕರೆದು ಸಂಬಳದಲ್ಲಿ ಚೌಕಾಸಿ ಮಾಡುವವರ ಮನೆಯಲ್ಲಿ ಯಾರೂ ನಿಲ್ಲುವುದಿಲ್ಲ.

ಕಾಗದಪತ್ರ

ಮನೆ ನಿಂತಿರುವ ನೆಲ ಯಾವುದು ಎಂಬುದೇ ಮೊದಲ ಪ್ರಶ್ನೆ. ಬಿನ್‌ಶೇತಿ, ಅಂದರೆ ಕೃಷಿಯೇತರ (ಎನ್.ಎ.) ನಿವೇಶನವಾದರೆ ದಾರಿ ಸುಲಭ. ಕೃಷಿ ಜಮೀನಾದರೆ ಸಾತ್-ಬಾರಾ ಉತಾರೆ, ಅಂದರೆ ಪಹಣಿ, ತೆಗೆಸಿ ನಿಧಾನವಾಗಿ ಓದಿ, ಯಾರ ಹೆಸರಿದೆ, ಏನು ಟಿಪ್ಪಣಿಯಿದೆ ನೋಡಿ. ಮಹಾರಾಷ್ಟ್ರದ 1948ರ ಕುಳ ಮತ್ತು ಕೃಷಿ ಜಮೀನು ಕಾಯ್ದೆಯ ಪ್ರಕಾರ ಕೃಷಿಕರಲ್ಲದವರು ಅನುಮತಿಯಿಲ್ಲದೆ ಕೃಷಿಭೂಮಿ ಕೊಳ್ಳುವಂತಿಲ್ಲ. ಕರ್ನಾಟಕದಲ್ಲಿ 2020ರ ತಿದ್ದುಪಡಿಯ ನಂತರ ಈ ನಿರ್ಬಂಧ ಸಡಿಲವಾಯಿತು, ಇಲ್ಲಿ ಹಾಗಿಲ್ಲ. ಊರಿನಲ್ಲಿ ಅಡಕೆ ತೋಟವಿದೆ, ಹಾಗಾಗಿ ನಾನು ಕೃಷಿಕನೇ ಎಂದುಕೊಂಡು ಮುಂದುವರಿಯಬೇಡಿ. ಸ್ಥಳೀಯ ವಕೀಲರಿಗೆ ಕಾಗದ ತೋರಿಸಿದ ಮೇಲೆ ಹೆಜ್ಜೆಯಿಡಿ.

ನೇರಳ್ ಕಡೆ ಮನೆಯಿದ್ದರೆ ಇನ್ನೂ ಒಂದು ವಿಷಯ. ಮಾಥೆರಾನ್ ಸುತ್ತಲಿನ ಪ್ರದೇಶವನ್ನು 2003ರಲ್ಲಿ ಪರಿಸರ ಸೂಕ್ಷ್ಮ ವಲಯವೆಂದು ಘೋಷಿಸಲಾಗಿದೆ. ಅಲ್ಲಿ ಅತಿಥಿಗಳಿಗೆಂದು ಹೊಸ ಕೋಣೆ ಏರಿಸುವ, ಗುಡ್ಡ ಕಡಿಯುವ, ಬಾವಿ ಕೊರೆಸುವ ಮೊದಲು ವಿಚಾರಿಸಲೇಬೇಕು. ಬಂಗಲೆಗಳ ಕಾಲೊನಿಯಲ್ಲಿದ್ದರೆ ಸೊಸೈಟಿಯ ಉಪನಿಯಮಗಳನ್ನು ಓದಿ; ದಿನಬಾಡಿಗೆಗೆ ಕೊಡಬಾರದೆಂಬ ನಿಯಮ ಹಲವೆಡೆ ಇದೆ.

ನೋಂದಣಿಗೆ ಮಹಾರಾಷ್ಟ್ರ ಪ್ರವಾಸೋದ್ಯಮದ 'ನಿವಾಸ–ನ್ಯಾಹಾರಿ' ಯೋಜನೆ ಇಂಥ ಪುಟ್ಟ ಮನೆಗಳಿಗೆಂದೇ ಇರುವುದು. ನಿಜವಾಗಿ ಬೇಸಾಯ ಮಾಡುವವರಾದರೆ ರಾಜ್ಯದ 2020ರ ಕೃಷಿ ಪ್ರವಾಸೋದ್ಯಮ ನೀತಿಯಡಿ ಪ್ರತ್ಯೇಕ ನೋಂದಣಿಯಿದೆ. ಬಾರಾಮತಿಯಲ್ಲಿ ಪಾಂಡುರಂಗ ತಾವರೆಯವರು ಸುಮಾರು ಎರಡು ದಶಕಗಳ ಹಿಂದೆ ಆರಂಭಿಸಿದ ಪ್ರಯೋಗ ಬೆಳೆದು ಈ ನೀತಿಗೆ ದಾರಿಯಾಯಿತು. ಮನೆ ಹೆಂಡತಿಯ ಹೆಸರಿನಲ್ಲಿದ್ದು ನಡೆಸುವವರೂ ಅವರೇ ಆಗಿದ್ದರೆ 2023ರಲ್ಲಿ ಬಂದ 'ಆಯಿ' ಎಂಬ ಮಹಿಳಾ ಪ್ರವಾಸೋದ್ಯಮ ನೀತಿಯನ್ನು ವಿಚಾರಿಸಿ. 15 ಲಕ್ಷ ರೂಪಾಯಿವರೆಗಿನ ಸಾಲದ ಬಡ್ಡಿ ಹಿಂದಿರುಗಿಸುವ ವ್ಯವಸ್ಥೆ ಅದರಲ್ಲಿದೆ. 2025ರ ಕೇಂದ್ರ ಬಜೆಟ್ಟಿನಲ್ಲಿ ಹೋಂಸ್ಟೇಗಳಿಗೆ ಮುದ್ರಾ ಸಾಲವನ್ನೂ ಘೋಷಿಸಲಾಯಿತು. ಆದರೂ ಈ ವಯಸ್ಸಿನಲ್ಲಿ ಸಾಲ ಮಾಡಿ ಶುರು ಮಾಡಬೇಡಿ ಎಂಬುದೇ ನನ್ನ ಅಭಿಪ್ರಾಯ. ಇರುವ ಮನೆಯನ್ನು ಇದ್ದ ಹಾಗೆ ಶುಚಿ ಮಾಡಿ ಆರಂಭಿಸಿದರೆ ಸಾಕು.

ಗ್ರಾಮ ಪಂಚಾಯತಿಗೂ ಪೊಲೀಸ್ ಠಾಣೆಗೂ ತಿಳಿಸಿ. ಬಂದವರ ಹೆಸರು, ವಿಳಾಸ, ಗುರುತಿನ ಚೀಟಿಯ ವಿವರ ಒಂದು ಪುಸ್ತಕದಲ್ಲಿ ಬರೆದಿಡಿ. ಆಧಾರ್ ಪ್ರತಿ ಬೇಕಾದರೆ ಮೊದಲ ಎಂಟು ಅಂಕಿ ಮರೆಮಾಡಿದ ಪ್ರತಿ ಕೇಳಿ. ವಿದೇಶಿ ಪಾಸ್‌ಪೋರ್ಟಿನವರು ಬಂದರೆ 24 ಗಂಟೆಯೊಳಗೆ ಅವರ ವಿವರಗಳ ನಿಗದಿತ ಫಾರ್ಮ್ ಆನ್‌ಲೈನಿನಲ್ಲಿ ಸಲ್ಲಿಸಬೇಕು. ಮಗನ ಅಮೆರಿಕದ ಗೆಳೆಯರನ್ನು ಅತಿಥಿಗಳಾಗಿ ಇರಿಸಿಕೊಳ್ಳುವವರು ಇದನ್ನು ಮರೆಯುತ್ತಾರೆ. ಊಟ ಕೊಟ್ಟು ಹಣ ಪಡೆಯುವುದಾದರೆ ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿ. ಮದ್ಯವನ್ನು ನೀವು ಮಾರುವಂತೆಯೂ ಇಲ್ಲ, ಬಡಿಸುವಂತೆಯೂ ಇಲ್ಲ. ವಿಮೆಯ ವಿಷಯದಲ್ಲಿ ಎಚ್ಚರ: 2021ರಿಂದ ಎಲ್ಲ ಕಂಪನಿಗಳೂ ಕೊಡುವ 'ಭಾರತ್ ಗೃಹ ರಕ್ಷಾ' ವಾಸದ ಮನೆಗೆ ಮಾಡಿದ ಪಾಲಿಸಿ. ಹಣ ಕೊಡುವ ಅತಿಥಿಗಳು ಬರುತ್ತಾರೆಂದು ವಿಮಾ ಕಂಪನಿಗೆ ಬರೆದು ತಿಳಿಸಿ, ಯಾವ ಪಾಲಿಸಿ ಹೊಂದುತ್ತದೆ ಎಂದು ಅವರಿಂದಲೇ ಉತ್ತರ ಪಡೆಯಿರಿ.

ಮಂಚದಿಂದ ಬಚ್ಚಲಿನವರೆಗೆ

ಸಾಮಾನಿಗೆ ದೂರ ಹೋಗಬೇಕಿಲ್ಲ. ದೇಶ ವಿಭಜನೆಯ ನಂತರ ಸಿಂಧಿ ನಿರಾಶ್ರಿತರು ಮಿಲಿಟರಿ ಕ್ಯಾಂಪುಗಳಲ್ಲಿ ನೆಲೆಸಿ, 1949ರಲ್ಲಿ ಉಲ್ಹಾಸನಗರವೆಂದು ಹೆಸರು ಪಡೆದ ಪಟ್ಟಣ ಇಂದು ಈ ಇಡೀ ಪ್ರದೇಶದ ಅಗ್ಗದ ಪೇಟೆ. ಫರ್ನಿಚರ್ ಬಜಾರಿನಲ್ಲಿ ಮಂಚ, ಕಪಾಟು. ಜಪಾನಿ ಬಜಾರಿನಲ್ಲಿ ಪರದೆ, ಚಾದರದ ಬಟ್ಟೆ. ಒಂದು ಎಚ್ಚರಿಕೆ ಮಾತ್ರ: ಅಗ್ಗವೆಂದು ಪಾರ್ಟಿಕಲ್ ಬೋರ್ಡಿನ ಮಂಚ ಕೊಳ್ಳಬೇಡಿ, ಕರ್ಜತ್ ಕಡೆಯ ಒಂದೇ ಮಳೆಗಾಲಕ್ಕೆ ಉಬ್ಬಿ ಒಡೆಯುತ್ತದೆ. ಕಬ್ಬಿಣದ್ದೋ ಗಟ್ಟಿ ಮರದ್ದೋ ಇರಲಿ. ಎತ್ತರ ಕುರ್ಚಿಯಷ್ಟಿದ್ದರೆ ವಯಸ್ಸಾದ ಅತಿಥಿಗೂ ಒಳ್ಳೆಯದು, ಚಾದರ ಬದಲಿಸಲು ಬಗ್ಗುವ ನಿಮ್ಮ ಬೆನ್ನಿಗೂ ಒಳ್ಳೆಯದು. ಪ್ರತಿ ಮಂಚಕ್ಕೆ ಮೂರು ಜೊತೆ ಬಿಳಿ ಹತ್ತಿ ಚಾದರ ಬೇಕು: ಒಂದು ಹಾಸಿದ್ದು, ಒಂದು ಒಗೆಯಲು ಹಾಕಿದ್ದು, ಒಂದು ಕಪಾಟಿನಲ್ಲಿ. ಮಳೆಗಾಲದಲ್ಲಿ ಒಗೆತವನ್ನು ಪೇಟೆಯ ಲಾಂಡ್ರಿಗೆ ಕೊಟ್ಟುಬಿಡಿ.

ಬಚ್ಚಲಿಗೆ ಹೆಚ್ಚು ಗಮನ ಕೊಡಿ. ಜಾರದ ಟೈಲ್ಸ್, ಗೋಡೆಗೆ ಹಿಡಿಕೆ, ರಾತ್ರಿ ಉರಿಯುವ ಸಣ್ಣ ದೀಪ, ಅರ್ಥ್ ಸರಿಯಿರುವ ಗೀಸರ್. ಕರೆಂಟು ಹೋದರೆ ಫ್ಯಾನು, ದೀಪ ನಡೆಯುವಷ್ಟು ಇನ್ವರ್ಟರ್. ಏಪ್ರಿಲ್–ಮೇನಲ್ಲಿ ಬೋರ್‌ವೆಲ್ ಇಳಿಯುತ್ತದೆ. ಟ್ಯಾಂಕರಿನವನ ನಂಬರು ಗೋಡೆಯ ಮೇಲೆ ಬರೆದಿರಲಿ. ಈಜುಕೊಳ ಬೇಡವೇ ಬೇಡ. ಈಜುಕೊಳವಿದ್ದರೆ ಬುಕಿಂಗ್ ಹೆಚ್ಚು ಎಂದು ಎಲ್ಲರೂ ಹೇಳುತ್ತಾರೆ, ಅದು ನಿಜವೂ ಹೌದು. ಆದರೆ ಅದರ ಬದಿಯಲ್ಲಿ ಹಗಲೂ ರಾತ್ರಿ ಕಾವಲು ನಿಲ್ಲುವವರು ನಿಮ್ಮಿಬ್ಬರಲ್ಲಿ ಯಾರು?

ಅಡುಗೆಮನೆಯೇ ನಿಮ್ಮ ಹೆಸರು

ಈ ದಾರಿಯ ಫಾರ್ಮ್‌ಹೌಸ್‌ಗಳಲ್ಲಿ ಊಟವೆಂದರೆ ಪನೀರು, ಚಿಕನ್ನು, ದಾಲ್, ಜೀರಾ ರೈಸು. ನೀರುದೋಸೆ, ಹಲಸಿನೆಲೆಯ ಕೊಟ್ಟೆ ಕಡುಬು, ಪತ್ರೊಡೆ, ಕೋರಿ ರೊಟ್ಟಿ, ಬಿಸಿಬೇಳೆಬಾತು, ಜೋಳದ ರೊಟ್ಟಿ–ಎಣ್ಣೆಗಾಯಿ ಕೊಡುವ ಮನೆ ಎಷ್ಟಿದೆ? ಉಡುಪಿ ಹೋಟೆಲುಗಳು ನಮ್ಮ ಇಡ್ಲಿ ದೋಸೆಯನ್ನು ಮುಂಬಯಿಗೆ ಕೊಟ್ಟವು. ಮನೆಯೊಳಗಿನ ಅಡುಗೆ ಇನ್ನೂ ಬಹುಪಾಲು ಮನೆಯೊಳಗೇ ಇದೆ. ನೀವು ಧಾರವಾಡದವರಾಗಲಿ, ಕುಂದಾಪುರದವರಾಗಲಿ, ನಿಮ್ಮ ತಾಯಿ ಮಾಡುತ್ತಿದ್ದ ಐದು ಅಡುಗೆ ಆರಿಸಿಕೊಂಡು ಅಷ್ಟನ್ನೇ ಚೆನ್ನಾಗಿ ಮಾಡಿ. ಕೇಳಿದ್ದನ್ನೆಲ್ಲ ಮಾಡಿಕೊಡುತ್ತೇವೆ ಎಂದರೆ ಅಡುಗೆಮನೆಯಲ್ಲೇ ಸಂಜೆಯಾಗುತ್ತದೆ. ಬೆಳಗಿನ ತಿಂಡಿ ಬಾಡಿಗೆಯಲ್ಲೇ ಸೇರಿರಲಿ. ರಾತ್ರಿಯ ಊಟ ಹಿಂದಿನ ದಿನವೇ ಹೇಳಿದರೆ ಮಾತ್ರ. ಮಧ್ಯಾಹ್ನದ ಊಟ ಬೇಡ. ಆ ಹೊತ್ತಿಗೆ ಅವರು ಸುತ್ತಾಡಲಿ, ನೀವು ಮಲಗಿ.

ಮಳೆ ಬಿದ್ದ ಕೂಡಲೇ ಬದ್ಲಾಪುರ, ನೇರಳ್ ನಿಲ್ದಾಣಗಳ ಹೊರಗೆ ಠಾಕೂರ್, ಕಾತ್ಕರಿ ಆದಿವಾಸಿ ಹೆಂಗಸರು ಕಾಡುಸೊಪ್ಪು ತಂದು ಮಾರುತ್ತಾರೆ. ಅವರ ಬುಟ್ಟಿಯ ಟಾಕಳಾ ನಮ್ಮ ತಗಟೆ ಸೊಪ್ಪೇ, ಆಷಾಢದಲ್ಲಿ ತುಳುನಾಡಿನ ಮನೆಗಳು ಹುಡುಕಿ ತರುವಂಥದು. ಕಂಟೋಳಿ ನಮ್ಮ ಮಾಡಹಾಗಲ. ಪತ್ರೊಡೆಗೆ ಕೆಸುವಿನೆಲೆಯೂ ಅಲ್ಲೇ ಸಿಗುತ್ತದೆ. ಅವರಿಂದಲೇ ಕೊಳ್ಳಿ, ಹೇಳಿದ ಬೆಲೆ ಕೊಡಿ. ಅತಿಥಿಯ ತಟ್ಟೆಗೆ ಆ ಕಾಡಿನದೇ ಸೊಪ್ಪು ಬೀಳುತ್ತದೆ, ಹಣ ಹಳ್ಳಿಯಲ್ಲಿ ಉಳಿಯುತ್ತದೆ. ಗುರುತು ಸಿಗದ ಅಣಬೆ, ಗೆಡ್ಡೆಗಳನ್ನು ಮಾತ್ರ ಅತಿಥಿಗೆ ಬಡಿಸಬೇಡಿ.

ನೀರು, ಹಾವು, ರಾತ್ರಿ

2019ರ ಜುಲೈ 27ರಂದು ಉಲ್ಹಾಸ ನದಿ ಉಕ್ಕಿ ಬದ್ಲಾಪುರ–ವಾಂಗಣಿ ನಡುವೆ ಕೊಲ್ಹಾಪುರದ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ನೀರಿನಲ್ಲಿ ಸಿಕ್ಕಿಬಿತ್ತು. ಸಾವಿರಕ್ಕೂ ಹೆಚ್ಚು ಪ್ರಯಾಣಿಕರನ್ನು ದೋಣಿಗಳಲ್ಲಿ ಪಾರು ಮಾಡಬೇಕಾಯಿತು. 2005ರ ಜುಲೈ 26ರ ಪ್ರವಾಹ ತಂದ ಮಳೆಯನ್ನು ಈ ಕಡೆಯವರು ಯಾರೂ ಮರೆತಿಲ್ಲ. ನದಿಯಂಚಿನ ಮನೆ ಚಿತ್ರಕ್ಕೆ ಚೆಂದ. ನೆರೆರೇಖೆಯೊಳಗಿದೆಯೇ ಎಂದು ನೋಡದೆ ಅತಿಥಿಗಳನ್ನು ಕರೆಯಬೇಡಿ. ಭಾರಿ ಮಳೆಯ ಎಚ್ಚರಿಕೆ ಬಂದ ದಿನ ನೀವೇ ಫೋನು ಮಾಡಿ ಬುಕಿಂಗ್ ರದ್ದು ಮಾಡಿ, ಹಣ ವಾಪಸು ಕೊಡಿ.

ಕೊಂಡೇಶ್ವರ, ಭಿವಪುರಿ ಮೊದಲಾದ ಜಲಪಾತಗಳಲ್ಲಿ ಮಳೆಗಾಲ ಬಂದರೆ ಮುಳುಗಿ ಸತ್ತವರ ಸುದ್ದಿ ತಪ್ಪುವುದಿಲ್ಲ. ಆಡಳಿತ ಅಲ್ಲಿಗೆ ಹೋಗುವುದನ್ನು ನಿಷೇಧಿಸುವುದೂ ಉಂಟು. ನಿಷೇಧವಿದ್ದಾಗ 'ಹಿಂದಿನ ದಾರಿ' ತೋರಿಸಬೇಡಿ. ಬದಲಿಗೆ ಅಂಬರನಾಥದ ಶಿವಾಲಯಕ್ಕೆ ಕಳಿಸಿ. 1060ರಲ್ಲಿ ಕೊಂಕಣದ ಶಿಲಾಹಾರ ಅರಸ ಮುಮ್ಮುಣಿಯ ಕಾಲದಲ್ಲಿ ಸಿದ್ಧವಾದ ಆ ಗುಡಿಯ ಹೊರಗೋಡೆಯ ಶಿಲ್ಪ ನೋಡಲು ಅರ್ಧ ದಿನವೂ ಸಾಲದು. ನೇರಳಿನಿಂದ ಮಾಥೆರಾನಿಗೆ 1907ರಿಂದ ಪುಟಾಣಿ ರೈಲಿದೆ. ಮಳೆಗಾಲದಲ್ಲಿ ನೇರಳ್–ಅಮನ್ ಲಾಡ್ಜ್ ನಡುವೆ ಅದು ಓಡುವುದಿಲ್ಲ ಎಂದು ಮೊದಲೇ ತಿಳಿಸಿ. ಮುರ್ಬಾಡ್ ಕಡೆಯ ಮನೆಯವರಿಗೆ ನಾಣೇಘಾಟ್ ಇದೆ, ಶಾತವಾಹನರ ಶಾಸನವಿರುವ ಹಳೆಯ ವ್ಯಾಪಾರದ ಕಣಿವೆ. ಏರುದಾರಿ ಕಠಿಣ, ನಡೆಯಬಲ್ಲವರಿಗೆ ಮಾತ್ರ.

ಹಾವುಗಳ ಬಗ್ಗೆ ಮುಚ್ಚಿಡಬೇಡಿ. ನಾಗರ, ಕೊಳಕುಮಂಡಲ, ಕಟ್ಟುಹಾವು, ಇಲ್ಲಿನವರು ಫುರ್ಸೆ ಎನ್ನುವ ಗರಗಸ ಮಂಡಲ, ನಾಲ್ಕೂ ಈ ಸೀಮೆಯಲ್ಲಿವೆ. ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ, ಎಷ್ಟೋ ಸಲ ನೋವೇ ತಿಳಿಯುವುದಿಲ್ಲ. ಆದ್ದರಿಂದ ಮಳೆಗಾಲದಲ್ಲಿ ಯಾರಿಗೂ ನೆಲದಲ್ಲಿ ಹಾಸಿಗೆ ಹಾಸಬೇಡಿ, ಸೊಳ್ಳೆಪರದೆಯ ಅಂಚನ್ನು ಹಾಸಿಗೆಯಡಿ ಸಿಕ್ಕಿಸಿ, ಅಂಗಳಕ್ಕೆ ಹೋಗುವವರ ಕೈಗೆ ಟಾರ್ಚು ಕೊಡಿ. ಕಚ್ಚಿದರೆ ಕೊಯ್ಯುವುದು, ಬಿಗಿದು ಕಟ್ಟುವುದು, ಮಂತ್ರಕ್ಕೆ ಒಯ್ಯುವುದು ಯಾವುದೂ ಬೇಡ. ಅಲ್ಲಾಡದಂತೆ ಮಲಗಿಸಿ 108ಕ್ಕೆ ಕರೆ ಮಾಡಿ. ಪ್ರತಿವಿಷ ಯಾವ ಸರ್ಕಾರಿ ಆಸ್ಪತ್ರೆಯಲ್ಲಿ ದಾಸ್ತಾನಿದೆ ಎಂದು ಜೂನ್‌ಗೆ ಮೊದಲೇ ನೀವೇ ಹೋಗಿ ಕೇಳಿಕೊಂಡು ಬನ್ನಿ. ಬದ್ಲಾಪುರದ ಕಡೆಯವರಿಗೆ ಉಲ್ಹಾಸನಗರದ ಸೆಂಟ್ರಲ್ ಆಸ್ಪತ್ರೆ ದೊಡ್ಡ ಸರ್ಕಾರಿ ಆಸರೆ.

ಯಾರನ್ನು ಕರೆಯಬೇಕು, ಎಷ್ಟು ಕೇಳಬೇಕು

ಆರಂಭದಲ್ಲಿ ಬುಕಿಂಗ್ ಆ್ಯಪುಗಳಿಗೆ ಹೋಗದೆ ಪರಿಚಯದ ವಲಯದಿಂದಲೇ ಶುರು ಮಾಡಿ. ಕನ್ನಡ ಸಂಘದ ಸದಸ್ಯರು, ಭಜನಾ ಮಂಡಳಿಯವರು, ಹಳೆಯ ಸಹೋದ್ಯೋಗಿಗಳು, ಮಕ್ಕಳ ಗೆಳೆಯರ ಕುಟುಂಬಗಳು. ಬರುವ ಮೊದಲು ಫೋನಿನಲ್ಲೇ ಎಲ್ಲವನ್ನೂ ಹೇಳಿ: ಎಷ್ಟು ಜನ, ಸಸ್ಯಾಹಾರವೋ ಮಾಂಸಾಹಾರವೋ, ರಾತ್ರಿ ಹತ್ತರ ನಂತರ ಧ್ವನಿವರ್ಧಕವಿಲ್ಲ, ಅದು ಕಾನೂನೂ ಹೌದು. ಹನ್ನೆರಡು ಹುಡುಗರ ಗುಂಪು ಕೇಳಿದರೆ ನಯವಾಗಿ ಇಲ್ಲವೆನ್ನಿ.

ನಮ್ಮವರಿಗೆ ಅತಿ ಕಷ್ಟವಾಗುವುದು ನೆಂಟರ ವಿಷಯ. ಮನೆ ತೆರೆದಿದೆ ಎಂದು ತಿಳಿದರೆ ಸೋದರಳಿಯ ತನ್ನ ಆಫೀಸಿನ ಎಂಟು ಮಂದಿಯನ್ನು ಕರೆದುಕೊಂಡು ಬರುತ್ತಾನೆ. "ಅತ್ತೆ, ನಿಮ್ಮ ಮನೆ ಅಲ್ವಾ" ಎನ್ನುತ್ತಾನೆ. ಹಣ ಕೇಳಲು ನಾಲಿಗೆ ಏಳುವುದಿಲ್ಲ, ಕೇಳದಿದ್ದರೆ ಒಳಗೊಳಗೇ ಕಹಿ. ಇದಕ್ಕೆ ಒಂದೇ ದಾರಿ, ಮೊದಲೇ ಎಲ್ಲರೆದುರು ಹೇಳಿಬಿಡುವುದು. ವಾರದ ನಡುವಿನ ದಿನಗಳು ನೆಂಟರಿಗೆ, ಅವು ಉಚಿತ. ಶನಿವಾರ, ಭಾನುವಾರ ಅತಿಥಿಗಳಿಗೆ, ಅವಕ್ಕೆ ಒಂದೇ ದರ. ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಈ ಮಾತನ್ನು ಮಗನೋ ಮಗಳೋ ಬರೆದರೆ ಇನ್ನೂ ಒಳ್ಳೆಯದು, ನಿಮ್ಮ ಮುಖ ಕೆಡುವುದಿಲ್ಲ. ಗಂಡನ ಕಡೆಯವರಿಗೊಂದು, ಹೆಂಡತಿಯ ಕಡೆಯವರಿಗೊಂದು ನಿಯಮ ಮಾಡಿದಿರೋ, ಮನೆಯೇ ಜಗಳದ ಮೂಲವಾಗುತ್ತದೆ.

ಹಣದ ಲೆಕ್ಕ ಸರಳ. ಉದಾಹರಣೆಗೆ ಎರಡು ಕೋಣೆ, ತಿಂಡಿ ಸೇರಿ ಒಂದೊಂದಕ್ಕೆ ರಾತ್ರಿಗೆ 2,500 ರೂಪಾಯಿ, ತಿಂಗಳಿಗೆ ಆರು ರಾತ್ರಿ ತುಂಬಿದರೆ 30,000. ಸಹಾಯಕರಿಗೆ 6,000, ಒಗೆತ, ಗ್ಯಾಸು, ಕರೆಂಟು, ತಿಂಡಿಗೆ 8,000, ರಿಪೇರಿಗೆಂದು ತೆಗೆದಿಡುವ 4,000 ಕಳೆದರೆ ಉಳಿಯುವುದು 12,000. ಅದೂ ಎಲ್ಲ ಕೋಣೆ ತುಂಬಿದ ತಿಂಗಳ ಲೆಕ್ಕ. ಮನೆಯ ತೆರಿಗೆ (ಘರಪಟ್ಟಿ), ಸುಣ್ಣಬಣ್ಣ, ಓಡಾಟ ಇದರಲ್ಲಿ ಸಾಗುತ್ತದೆ. ಇದರಿಂದಲೇ ಸಂಸಾರ ನಡೆಸುವ ಆಸೆಯಿದ್ದರೆ ಬೇಡ. ಆ್ಯಪಿನ ಮೂಲಕ ಬಂದರೆ ಅವರ ಕಮಿಷನ್ ಬೇರೆ.

ತೆರಿಗೆಯ ಬಗ್ಗೆ ಇಷ್ಟು ತಿಳಿದಿರಲಿ. ವರ್ಷದ ವಹಿವಾಟು 20 ಲಕ್ಷದೊಳಗಿದ್ದರೆ ನೀವು ಜಿಎಸ್‌ಟಿ ನೋಂದಣಿ ಮಾಡಿಸಬೇಕಿಲ್ಲ. ಆ್ಯಪಿನ ಮೂಲಕ ಬಂದ ಬುಕಿಂಗಿನ ಜಿಎಸ್‌ಟಿಯನ್ನು ಆ ಕಂಪನಿಯೇ ತುಂಬುತ್ತದೆ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗಳಿಗೆ ದರ ಶೇ. 5. ತಿಂಡಿ, ಶುಚಿಗೊಳಿಸುವಿಕೆ ಎಲ್ಲ ಕೊಟ್ಟು ದಿನದ ಲೆಕ್ಕದಲ್ಲಿ ಪಡೆದ ಹಣವನ್ನು ಸಾಮಾನ್ಯವಾಗಿ ವ್ಯಾಪಾರದ ಆದಾಯವೆಂದು ತೋರಿಸಬೇಕಾಗುತ್ತದೆ, ಪಿಂಚಣಿಯ ಜೊತೆ ಸೇರಿಸಿ. ರಸೀದಿ ಪುಸ್ತಕ ಇಡಿ, ನಗದಿಗಿಂತ ಯುಪಿಐ ವಾಸಿ.

ಉಡುಪಿ, ಕಾರ್ಕಳದ ಹಳೆಯ ಮನೆಯನ್ನೇ ಹೀಗೆ ತೆರೆಯೋಣವೆಂದು ಯೋಚಿಸುವವರೂ ಇದ್ದಾರೆ. ಥಾಣೆಯಲ್ಲೋ ಪನವೇಲಿನಲ್ಲೋ ಮತ್ಸ್ಯಗಂಧ ರೈಲು ಹತ್ತಿದರೆ ಬೆಳಿಗ್ಗೆ ಊರು ಸಿಗುತ್ತದೆ ನಿಜ. ಆದರೆ ವರ್ಷದಲ್ಲಿ ಕೆಲವು ತಿಂಗಳಾದರೂ ಅಲ್ಲೇ ನೆಲೆಸುವವರಿಗೆ ಮಾತ್ರ ಅದು ಸಾಧ್ಯ. ಪಾಲಾಗದ ಕುಟುಂಬದ ಮನೆಯಾದರೆ ಎಲ್ಲ ಪಾಲುದಾರರ ಲಿಖಿತ ಒಪ್ಪಿಗೆ ಪಡೆಯದೆ ಕೈಹಾಕಬೇಡಿ.

ಎಲ್ಲ ಸಿದ್ಧವಾಯಿತು ಎನಿಸಿದ ಮೇಲೆ ಹಣ ಪಡೆಯದೆ ಒಂದು ಪರೀಕ್ಷೆ ಮಾಡಿ. ಹಳೆಯ ಸ್ನೇಹಿತ ದಂಪತಿಗಳನ್ನು ಕರೆದು, ಎರಡು ರಾತ್ರಿ ಅಪರಿಚಿತ ಅತಿಥಿಗಳಂತೆ ಇದ್ದು ಕೊರತೆಗಳನ್ನೆಲ್ಲ ಬರೆದುಕೊಡಿ ಎನ್ನಿ. ಅವರು ಹೊರಟ ಸೋಮವಾರ ಬೆಳಿಗ್ಗೆ ನಿಮ್ಮ ಮೈ ಹೇಗಿದೆ ಎಂಬುದನ್ನೂ ಅದೇ ಹಾಳೆಯಲ್ಲಿ ಬರೆಯಿರಿ.

ಕಲ್ಯಾಣ, ಡೊಂಬಿವಲಿ, ಥಾಣೆ, ನವಿ ಮುಂಬಯಿಯ ಕನ್ನಡ ಸಂಘಗಳಲ್ಲಿ ಒಂದು ಕೋರಿಕೆ. ನಿಮ್ಮ ಸದಸ್ಯರಲ್ಲಿ ಇಂಥ ಮನೆಗಳಿರುವವರನ್ನು ಒಂದು ಭಾನುವಾರ ಸೇರಿಸಿ, ಒಬ್ಬ ವಕೀಲರು, ಒಬ್ಬ ಲೆಕ್ಕಪರಿಶೋಧಕರು, ಪ್ರವಾಸೋದ್ಯಮ ಇಲಾಖೆಯ ಒಬ್ಬ ಅಧಿಕಾರಿಯನ್ನು ಕರೆಸಿ. ಈ ಮೂವರನ್ನೂ ಒಂದೇ ಕಡೆ ಕೂರಿಸುವುದು ಒಬ್ಬೊಬ್ಬ ನಿವೃತ್ತರಿಗೆ ಆಗದ ಕೆಲಸ, ಸಂಘಕ್ಕೆ ಒಂದು ಪತ್ರದ ಕೆಲಸ. ಮಳೆಗಾಲಕ್ಕೆ ಮೊದಲೇ ಆಗಲಿ.